ಪ್ರಾಗ್ ಪಟ್ಟಣದಲ್ಲಿ ಹಿತಕಿದ ಬೇಳೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನ ಮೇಲೆ ಒಂದು ಗಡಿಯಾರವಿದೆ. ನಡೆಯುವ ಗಡಿಯಾರವಲ್ಲ, ಪ್ರಾಗ್ ಪಟ್ಟಣದ ಚೌಕದಲ್ಲಿರುವ ಹಳೆಯ ದೊಡ್ಡ ಗಡಿಯಾರದ ಚಿತ್ರವಿರುವ ಮ್ಯಾಗ್ನೆಟ್ಟು. ಅದನ್ನು ಅಲ್ಲಿ ಅಂಟಿಸಿದ ದಿನದಿಂದ ನನಗೆ ನೆಮ್ಮದಿಯಿಲ್ಲ. ಚಿಕ್ಕಬಳ್ಳಾಪುರದ ಈ ಮನೆಗೆ ಬರುವವರೆಲ್ಲ, ಹಾಲು ಹಾಕುವ ಸುಬ್ಬಮ್ಮನಿಂದ ಹಿಡಿದು ನಾನು ಪಾಠ ಮಾಡುವ ಕಾಲೇಜಿನ ಪ್ರಿನ್ಸಿಪಾಲರವರೆಗೆ, ಒಂದಲ್ಲ ಒಂದು ಸಲ ಅದರ ಮುಂದೆ ನಿಂತು ಕತ್ತು ವಾರೆ ಮಾಡಿ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಗಂಟೆ ಹೊಡೆಯೋವಾಗ ಇದ್ರೊಳಗಿಂದ ಗೊಂಬೆಗಳು ಬರ್ತಾವಂತಲ್ಲ ಮೇಡಂ, ನೋಡಿದ್ರಾ?"

ನೋಡಿಲ್ಲ. ಹಾಗಂತ ಹೇಳಿದರೆ ಸುಮ್ಮನಾಗುತ್ತಾರೆಯೇ? ಕೋಟೆಗೆ ಹೋಗಿದ್ದಿರಾ ಎಂದು ಕೇಳುತ್ತಾರೆ. ಅದೂ ಇಲ್ಲ. ಅಲ್ಲೊಂದು ಹಳೇ ಸೇತುವೆ ಇದೆಯಂತಲ್ಲ ಎಂದರೆ, ಅದನ್ನು ಟ್ರಾಮಿನೊಳಗಿಂದ ದೂರದಲ್ಲಿ ನೋಡಿದೆ ಎನ್ನುತ್ತೇನೆ, ಅದು ಆ ಸೇತುವೆಯೇ ಹೌದೋ ಅಲ್ಲವೋ ದೇವರಿಗೇ ಗೊತ್ತು. ಕೊನೆಗೆ ಅವರು ನನ್ನನ್ನು ಕನಿಕರದಿಂದ ನೋಡಿ, "ಮತ್ತೆ ಅಷ್ಟು ದೂರ ಹೋಗಿ ಮಾಡಿದ್ದೇನು?" ಎಂದು ಕೇಳುವ ಹೊತ್ತಿಗೆ ಸರಿಯಾಗಿ ಒಳಗಿನ ಕೋಣೆಯಿಂದ ನನ್ನ ಗಂಡನ ಧ್ವನಿ ಬರುತ್ತದೆ: "ಅವಳು ಅಲ್ಲಿ ಅವರೆಕಾಳು ಹಿತಕ್ತಾ ಇದ್ಲು ಸಾರ್." ಮದುವೆಯಾದಾಗಿನಿಂದ ಈ ಮಾತನ್ನು ಹೇಳುವ ಒಂದೇ ಒಂದು ಅವಕಾಶವನ್ನೂ ಅವರು ಕಳೆದುಕೊಂಡಿಲ್ಲ. ಸ್ನಾನ ಮಾಡುತ್ತಿದ್ದರೂ ನಲ್ಲಿ ನಿಲ್ಲಿಸಿ ಹೇಳುತ್ತಾರೆ.

ಮ್ಯಾಗ್ನೆಟ್ಟನ್ನು ಕೊಂಡಿದ್ದು ಕೂಡ ರೈಲ್ವೆ ಸ್ಟೇಷನ್ನಿನಲ್ಲಿ, ವಾಪಸ್ಸು ಬರುವಾಗ, ಹಠಕ್ಕೆ. ಬಂದವರಿಗೆಲ್ಲ ಅರ್ಧಂಬರ್ಧ ಹೇಳಿ ಹೇಳಿ ನನಗೂ ಸಾಕಾಗಿದೆ. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ಆಗ ನಾನು ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಮಣ್ಣಿನ ವಿಜ್ಞಾನ ಓದುತ್ತಿದ್ದೆ. ಮಣ್ಣು ನೋಡಲು ಅಲ್ಲಿಗ್ಯಾಕೆ ಹೋಗಬೇಕು, ನಮ್ಮ ತೋಟದಲ್ಲಿಲ್ಲವಾ ಎಂದು ಅಪ್ಪ ಕೇಳಿದ್ದ. ಹೋಗಿ ನೋಡಿದರೆ ಅಲ್ಲಿನ ಚಳಿಗಾಲದಲ್ಲಿ ಮಣ್ಣೂ ಕಾಣುವುದಿಲ್ಲ, ಸೂರ್ಯನೂ ಕಾಣುವುದಿಲ್ಲ. ಹೋದ ಹೊಸದರಲ್ಲಿ ಒಂದು ದಿನ ಬಸ್ ಸ್ಟಾಪಿನಲ್ಲಿ ನಡುಗುತ್ತಾ ನಿಂತಿದ್ದಾಗ ಬೆನ್ನ ಹಿಂದೆ ಯಾರೋ ಫೋನಿನಲ್ಲಿ ಹೇಳುವುದು ಕೇಳಿಸಿತು: "ಇಲ್ಲಿ ಎಲ್ಲಾ ಸಿಗುತ್ತೆ ಕಣಮ್ಮ, ಸೊಪ್ಪೊಂದು ಸಿಗಲ್ಲ." ತಿರುಗಿ ನೋಡಿದೆ. ಮಂಕಿ ಕ್ಯಾಪು ಹಾಕಿಕೊಂಡ ಒಬ್ಬ ದಪ್ಪ ಹುಡುಗ. ಗೌರಿಬಿದನೂರಿನವನು, ಹೆಸರು ಮಂಜುನಾಥ, ಯಂತ್ರಗಳ ಬಗ್ಗೆ ಓದಲು ಬಂದಿದ್ದ. ಅವನ ಹಿಂದೆಯೇ ಚಿಂತಾಮಣಿಯ ಶೋಭಾ ಸಿಕ್ಕಿದಳು. ಅವಳದು ಲೆಕ್ಕಶಾಸ್ತ್ರ, ಮನೆಯಲ್ಲಿ ತೆಲುಗು, ಸಿಟ್ಟು ಬಂದರೂ ತೆಲುಗು. ಒಂದೇ ಜಿಲ್ಲೆಯವರು ಅಷ್ಟು ದೂರದಲ್ಲಿ ಸಿಕ್ಕಮೇಲೆ ಸ್ನೇಹ ಮಾಡಿಕೊಳ್ಳಲೇಬೇಕು. ನನಗೆ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ.

ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಜಂಗಮಕೋಟೆಯ ಹತ್ತಿರ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಸಾಕುವ ಮನೆಯೆಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಹೀಗೆ ತಿಳಿದುಕೊಳ್ಳಿ: ಮನೆಯ ಯಜಮಾನ ಹುಳು, ಮಿಕ್ಕವರೆಲ್ಲ ಆಳುಗಳು. ಹುಳುವಿನ ಮನೆಗೆ ಹೊರಗಿನಿಂದ ಬಂದವರು ಕಾಲು ತೊಳೆಯದೆ ಕಾಲಿಡುವಂತಿಲ್ಲ. ಸೆಂಟು ಹಾಕಿಕೊಂಡು ಬಂದ ನೆಂಟರನ್ನು ನಮ್ಮಜ್ಜಿ ಬಾಗಿಲಿನಿಂದಲೇ ಮಾತಾಡಿಸಿ ಕಳಿಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಕಷಾಯ ಕುಡಿಸಿ ಮಲಗಿಸುತ್ತಿದ್ದರು, ಹುಳುವಿಗೆ ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತೇ ಆಡುತ್ತಿರಲಿಲ್ಲ. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೈಮೇಲಿನ ಪೊರೆ ಬಿಡುವ ಮುಂಚೆ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ. ಆಗ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು, ಒಂದೇ ಸಮನಾಗಿ ಬೀಳಬೇಕು.

ಆ ಸೊಪ್ಪನ್ನು ಅಮ್ಮನೇ ಹಾಕಬೇಕು. ಬೇರೆ ಯಾರು ಹಾಕಿದರೂ ಅವಳಿಗೆ ಸಮಾಧಾನವಿಲ್ಲ. ಅಪ್ಪ ಸೊಪ್ಪು ಹಾಕಿದರೆ ಹುಳುವಿನ ಮೇಲೆ ಯಾವುದೋ ಹಳೇ ದ್ವೇಷ ತೀರಿಸಿಕೊಂಡ ಹಾಗಿರುತ್ತದೆ, ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬಯಲು ಎಂದು ಅವಳ ದೂರು. ಒಂದು ಬೆಳೆ ಮುಗಿದು ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರೆ, ಮನೆ ತೊಳೆದು ಸುಣ್ಣ ಬಳಿಯುವಷ್ಟರಲ್ಲಿ ಮುಂದಿನ ಹುಳು ಬಂದಿರುತ್ತಿತ್ತು. ಹುಳು ಇರುವ ಮನೆಯನ್ನು ಎಲ್ಲರೂ ಬಿಟ್ಟು ಹೋಗುವಂತಿಲ್ಲ, ಒಬ್ಬರಾದರೂ ಉಳಿಯಬೇಕು. ಉಳಿಯುವ ಆ ಒಬ್ಬರು ಯಾವಾಗಲೂ ಅಮ್ಮ. ತಿರುಪತಿಗೆ ನಾವು ಹೋದೆವು, ಅಮ್ಮ ಉಳಿದಳು. ಮೈಸೂರಿಗೆ ಹೋದೆವು, ಉಳಿದಳು. ನೆಂಟರ ಮದುವೆಗಳಲ್ಲಿ ಅವಳು ಅಕ್ಷತೆ ಹಾಕಿ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದವಳು. ನಂದಿಬೆಟ್ಟ ನಮ್ಮ ಮನೆಯ ತಾರಸಿಯಿಂದ ಕಾಣುತ್ತದೆ. ಅಲ್ಲಿಗೆ ಒಮ್ಮೆ ಚಿಕ್ಕಮ್ಮ ಬಲವಂತ ಮಾಡಿ ಕರೆದುಕೊಂಡು ಹೋಗಿದ್ದಳು. ಮೇಲೆ ಹತ್ತಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅಮ್ಮ "ಮಧ್ಯಾಹ್ನದ ಸೊಪ್ಪು, ಮಧ್ಯಾಹ್ನದ ಸೊಪ್ಪು" ಎಂದು ಜಪ ಮಾಡಲು ಶುರುಮಾಡಿದಳಂತೆ. ಚಿಕ್ಕಮ್ಮ ತಲೆ ಚಚ್ಚಿಕೊಂಡು ಇಳಿಸಿಕೊಂಡು ಬಂದಳು.

ಇಂಥ ಅಮ್ಮ ನನ್ನನ್ನು ಕೇಳಿದ್ದು ಒಂದೇ ಒಂದು. ಜರ್ಮನಿಯಿಂದ ಬರುವಾಗ ಚಾಕೊಲೇಟು ತಾ ಎನ್ನಲಿಲ್ಲ, ಸ್ವೆಟರು ಬೇಕೆನ್ನಲಿಲ್ಲ. "ಹಿಮ ಬೀಳ್ತಿರೋವಾಗ ಒಂದ್ಸಲ ತೋರಿಸಮ್ಮ" ಎಂದಳು. ನಾನು ಮಾರನೆಯ ದಿನವೇ ಫೋನು ಹಿಡಿದು ಬೀದಿಯಲ್ಲಿ ಬಿದ್ದಿದ್ದ ಹಿಮ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ಸುಣ್ಣ ಚೆಲ್ಲಿದಂಗಿದೆ. ಬಿದ್ದಿರೋದಲ್ಲ ಕಣೇ, ಬೀಳೋದು" ಎಂದಳು. ವಿಡಿಯೋ ಮಾಡಿ ಕಳಿಸುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. "ವಿಡಿಯೋ ಆದ್ರೆ ಟೀವೀಲೇ ನೋಡ್ತೀನಲ್ಲ. ಅದು ಅಲ್ಲಿ ಬೀಳ್ತಿರ್ಬೇಕು, ನಾನು ಇಲ್ಲಿ ನೋಡ್ತಿರ್ಬೇಕು."

ಕೇಳಲು ಸುಲಭ. ಜರ್ಮನಿಯ ಹಿಮಕ್ಕೂ ನಮ್ಮ ಮನೆಯ ಹುಳುವಿಗೂ ಹೊಂದಾಣಿಕೆಯೇ ಇರಲಿಲ್ಲ. ನಾನು ಮಲಗಿದ್ದಾಗ ಹಿಮ ಬೀಳುತ್ತಿತ್ತು, ನಾನು ಎದ್ದಾಗ ನಿಂತಿರುತ್ತಿತ್ತು. ಕ್ಲಾಸಿನಲ್ಲಿದ್ದಾಗ ಕಿಟಕಿಯಾಚೆ ಧಾರಾಳವಾಗಿ ಬೀಳುತ್ತಿತ್ತು, ಹೊರಗೆ ಬಂದು ಫೋನು ಮಾಡಿದರೆ ಅಮ್ಮ ಸೊಪ್ಪು ಹಾಕುತ್ತಿರುತ್ತಿದ್ದಳು, ಎತ್ತುತ್ತಿರಲಿಲ್ಲ. ಹೀಗೇ ಮೊದಲನೆಯ ಚಳಿಗಾಲ ಕಳೆದುಹೋಯಿತು. ಎರಡನೆಯದೂ ಕಳೆಯುತ್ತಾ ಬಂತು. ಅದು ಬಿಟ್ಟರೆ ನನಗೆ ಅಲ್ಲಿ ಮತ್ತೊಂದು ಚಳಿಗಾಲವಿರಲಿಲ್ಲ.

ಆಗ ಶೋಭಾ ಪ್ರಾಗ್ ಮಾತೆತ್ತಿದಳು. ವಾರದ ಕೊನೆಗೆ ರೈಲಿನಲ್ಲಿ ಹೋಗಿ ಬಂದುಬಿಡೋಣ, ಗಡಿಯಾರ, ಸೇತುವೆ, ಕೋಟೆ ಮೂರೂ ನೋಡೋಣ ಎಂದಳು. ನಾನು ಫೋನಿನಲ್ಲಿ ಹವಾಮಾನ ನೋಡಿದೆ. ಪ್ರಾಗ್‌ನಲ್ಲಿ ಶನಿವಾರ ಮಧ್ಯಾಹ್ನ ಹಿಮ ಬೀಳುತ್ತದೆ ಎಂದಿತ್ತು. ಅಲ್ಲಿ ಮಧ್ಯಾಹ್ನವೆಂದರೆ ನಮ್ಮೂರಿನಲ್ಲಿ ಸಾಯಂಕಾಲ, ಅಮ್ಮ ಸಂಜೆಯ ಸೊಪ್ಪು ಹಾಕುವುದಕ್ಕೆ ಮುಂಚೆ ಕಾಲು ಚಾಚಿ ಕೂರುವ ಹೊತ್ತು. ಚೌಕದಲ್ಲಿ ಗಡಿಯಾರದ ಮುಂದೆ ನಿಂತು ಅಮ್ಮನಿಗೆ ಹಿಮ ತೋರಿಸುತ್ತೇನೆ ಎಂದು ಲೆಕ್ಕ ಹಾಕಿದೆ. ಅಮ್ಮನಿಗೂ ಹೇಳಿಬಿಟ್ಟೆ. ಅದೇ ನಾನು ಮಾಡಿದ ತಪ್ಪು, ಏಕೆಂದರೆ ಆ ಲೆಕ್ಕದಲ್ಲಿ ಮಂಜುನಾಥನನ್ನು ಸೇರಿಸಿರಲಿಲ್ಲ.

ಇವನನ್ನು ಕಟ್ಟಿಕೊಂಡು ಪ್ರವಾಸ ಹೋಗುವುದು ಎಂಥ ಶಿಕ್ಷೆ ಎಂದು ಹೇಳಿದರೆ ನೀವು ನಂಬುವುದಿಲ್ಲ. ರೈಲು ಸ್ಟೇಷನ್ ಬಿಡುವ ಮುಂಚೆಯೇ ಚಿತ್ರಾನ್ನದ ಡಬ್ಬ ತೆಗೆದ. ನದಿ ಬಂತು, ಬೆಟ್ಟ ಬಂತು, ಕಿಟಕಿಯಾಚೆ ಗೋಪುರಗಳು ಬಂದವು, ಅವನು ಡಬ್ಬದ ತಳದಲ್ಲಿದ್ದ ಕಡಲೆಬೀಜ ಹುಡುಕುತ್ತಿದ್ದ. ಬ್ಯಾಗಿನಲ್ಲಿ ಬಟ್ಟೆಗಿಂತ ಸಾರಿನ ಪುಡಿಯೇ ಹೆಚ್ಚು. ಶೋಭಾ ಇನ್ನೊಂದು ಬಗೆ. ಅವಳು ಒಂದು ಕೆಂಪು ಕೋಟು ಕೊಂಡಿದ್ದಳು. ಆ ಕೋಟಿನಲ್ಲಿ ಅವಳ ಫೋಟೋ ತೆಗೆಯುವುದೇ ನಮ್ಮ ಜನ್ಮದ ಉದ್ದೇಶವೆಂದು ಅವಳು ತಿಳಿದಿದ್ದಳು. ಪ್ರಾಗ್‌ನಲ್ಲಿ ಇಳಿದ ಶುಕ್ರವಾರ ಸಂಜೆ ನಾವು ನೋಡಿದ್ದು ಒಂದು ಟ್ರಾಮ್ ಸ್ಟಾಪು, ಅದರ ಪಕ್ಕದ ಒಂದು ಔಷಧಿ ಅಂಗಡಿ. ಎರಡರ ಮುಂದೆಯೂ ಶೋಭಾ ನಿಂತಳು. "ಕಣ್ಣು ಮುಚ್ಚಿದೀನಿ, ಇನ್ನೊಂದು ತೆಗಿ. ಇದ್ರಲ್ಲಿ ದಪ್ಪ ಕಾಣ್ತೀನಿ, ಇನ್ನೊಂದು ತೆಗಿ" ಎನ್ನುತ್ತಲೇ ಕತ್ತಲಾಯಿತು.

ಶನಿವಾರ ಬೆಳಗ್ಗೆ ಮಂಜುವನ್ನು ಎಬ್ಬಿಸುವುದಕ್ಕೇ ಅರ್ಧ ಹೊತ್ತು ಹೋಯಿತು. ಎರಡು ಸ್ವೆಟರು, ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು ಎಲ್ಲ ಆಗಿ ನಾವು ಹೊರಬಿದ್ದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಳಿ ನಿಂತಿತ್ತು. ಹಿಮ ಬೀಳುವ ಮುಂಚೆ ಹೀಗೇ ಇರುತ್ತದೆ ಎಂದು ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು. ನಾನು ಮುಂದೆ ಮುಂದೆ ಓಡುತ್ತಿದ್ದೆ. ಗಡಿಯಾರದ ಚೌಕ ಇನ್ನು ಎರಡು ಬೀದಿ ಇರುವಾಗ ಹಿಂದಿನಿಂದ ಮಂಜುವಿನ ಹೆಜ್ಜೆ ಸದ್ದು ನಿಂತಿತು. ತಿರುಗಿ ನೋಡಿದರೆ ಒಂದು ಇಂಡಿಯನ್ ಅಂಗಡಿಯ ಬಾಗಿಲಿನಲ್ಲಿ ಅವನ ಮಫ್ಲರಿನ ತುದಿ ಮಾತ್ರ ಕಾಣುತ್ತಿತ್ತು.

ಒಳಗೆ ಹೋದೆವು. ಅವನು ಫ್ರೀಜರಿನ ಗಾಜಿಗೆ ಹಣೆಯಿಟ್ಟು ನಿಂತಿದ್ದ. ಆ ಮುಖದಲ್ಲಿದ್ದ ಭಕ್ತಿಯನ್ನು ನಾನು ಅವನ ಮುಖದಲ್ಲಿ ಮೊದಲು ನೋಡಿರಲಿಲ್ಲ. "ಶೋಭಾ, ಇಲ್ಲಿ ಬಾರೇ, ನಮ್ಮ ಅವರೆಕಾಳು" ಎಂದ. ಪ್ಯಾಕೆಟ್ಟಿನ ಮೇಲೆ ಯಾವುದೋ ಗುಜರಾತಿ ಹೆಸರಿತ್ತು. ಒಳಗೆ ಹಸಿರಾಗಿ, ಮಂಜುಗಟ್ಟಿ, ನಮ್ಮ ಅವರೆಕಾಳೇ ಇತ್ತು. ಊರಿನಲ್ಲಿ ಅವರೆಯ ಕಾಲ ನಡೆಯುತ್ತಿತ್ತು. ಕೆಲವು ವಾರಗಳಿಂದ ಮೂವರ ಮನೆಯಿಂದಲೂ ಫೋನು ಬಂದಾಗಲೆಲ್ಲ ಇವತ್ತು ಅವರೆಕಾಳಿನ ಉಪ್ಪಿಟ್ಟು, ಇವತ್ತು ಹಿತಕಿದ ಬೇಳೆ ಸಾರು ಎಂದು ವರದಿ ಬರುತ್ತಿತ್ತು. ನಾವು ಬ್ರೆಡ್ಡು ಕಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆವು. ಮಂಜು ಒಂದು ಪ್ಯಾಕೆಟ್ ತೆಗೆದುಕೊಂಡಿದ್ದರೆ ನಾನೂ ಸಂತೋಷಪಡುತ್ತಿದ್ದೆ. ಅವನು ಫ್ರೀಜರನ್ನು ಖಾಲಿ ಮಾಡಿದ.

"ಇಷ್ಟು ಯಾಕೋ? ಸಾಯಂಕಾಲ ವಾಪಸ್ ಬರೋವಾಗ ತಗೊಳಣ" ಎಂದೆ.

"ಅಷ್ಟೊತ್ತಿಗೆ ಯಾರಾದ್ರೂ ಎತ್ಕೊಂಡೋದ್ರೆ?"

ಪ್ರಾಗ್ ಪಟ್ಟಣದಲ್ಲಿ ಅವರೆಕಾಳಿಗೆ ಕಾದು ಕುಳಿತಿರುವ ಆ ಇನ್ಯಾರೋ ಯಾರು ಎಂದು ನಾನು ಕೇಳಿದೆ. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಶೋಭಾ ನನ್ನ ಪರವಾಗಿ ಮಾತಾಡುತ್ತಾಳೆಂದು ನೋಡಿದರೆ ಅವಳು ಆಗಲೇ ಕೊಬ್ಬರಿ ಹುಡುಕಲು ಹೋಗಿದ್ದಳು. ಹೊರಗೆ ಬಂದಾಗ ಇಬ್ಬರ ಕೈಯಲ್ಲೂ ಚೀಲ. ನಾನು ಗಡಿಯಾರದ ಕಡೆ ಕೈ ತೋರಿಸಿದೆ, ಅವರು ಬಂದ ದಾರಿಯ ಕಡೆ ಮುಖ ಮಾಡಿದರು. ಕಾಳು ಕರಗಿಬಿಡುತ್ತದೆ, ಮನೆಯಲ್ಲಿ ಇಟ್ಟು ಓಡಿ ಬಂದುಬಿಡೋಣ ಎಂದರು.

ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಖಾನೆಯೇ ಇರಲಿಲ್ಲ. ಕಾಳು ಅಷ್ಟೊತ್ತಿಗೆ ಬೆವರಲು ಶುರುವಾಗಿತ್ತು. "ಕರಗಿದ ಕಾಳು ಇಡಕ್ಕಾಗಲ್ಲ, ಇವತ್ತೇ ಹಿತಕಬೇಕು" ಎಂದು ಶೋಭಾ ತೀರ್ಪು ಕೊಟ್ಟಳು. ಹೊರಗೆ ಇಷ್ಟು ಚಳಿಯಿದೆಯಲ್ಲ, ಚೀಲವನ್ನು ಕಿಟಕಿಯಾಚೆ ನೇತುಹಾಕಿ ಹೋಗೋಣ ಎಂದೆ. "ಪಾರಿವಾಳ ತಿಂತವೆ" ಎಂದ ಮಂಜು. ಹಾಗಾದರೆ ಹಿತಕುವುದೇ ಬೇಡ, ಸಿಪ್ಪೆ ಸಮೇತ ಬೇಯಿಸಿಟ್ಟು ಹೋಗೋಣ ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಅವರ ಮನೆದೇವರನ್ನು ಬೈದಿದ್ದೆ. "ಏಮಿಟೇ ಅದಿ, ಶಿಡ್ಲಘಟ್ಟದೋಳಾಗಿ ಹಿಂಗಂತೀಯ" ಎಂದಳು ಶೋಭಾ.

ನನಗೆ ಮೈಯೆಲ್ಲ ಉರಿದುಹೋಯಿತು. ನೀವು ಹಿತಕಿಕೊಂಡು ಸಾಯಿರಿ, ನಾನೊಬ್ಬಳೇ ಹೋಗುತ್ತೇನೆ ಎಂದು ಕೋಟು ತೊಟ್ಟೆ. ಹೋಗಿಯೂಬಿಡುತ್ತಿದ್ದೆ. ಆದರೆ ಬಿಸಿನೀರಿನ ಪಾತ್ರೆಗೆ ಕಾಳು ಬಿದ್ದಾಗ ಎದ್ದ ಆ ವಾಸನೆ ಇದೆಯಲ್ಲ. ಅಷ್ಟು ಸೊಗಡು ಆ ಗುಜರಾತಿ ಕಾಳಿಗೆ ಇತ್ತೋ ಇಲ್ಲವೋ, ನನ್ನ ಮೂಗಿಗಂತೂ ಬಂತು. ನಮ್ಮ ಕಡೆ ಒಂದು ಪದ್ಧತಿಯಿದೆ. ಅವರೆಕಾಳಿನ ರಾಶಿಯ ಮುಂದೆ ನಿಂತವರು ನಿಂತೇ ಹೋಗುವಂತಿಲ್ಲ, ಕೂರಬೇಕು. ಯಾರೂ ಕರೆಯುವುದಿಲ್ಲ, ಯಾರೂ ಹೇಳುವುದಿಲ್ಲ. ಲಗ್ನಪತ್ರಿಕೆ ಕೊಡಲು ಬಂದವರು ಕೂಡ ಮಾತಾಡುತ್ತಾ ಮಾತಾಡುತ್ತಾ ಕೂತು ಒಂದಷ್ಟು ಹಿತಕಿಯೇ ಎದ್ದು ಹೋಗುವುದು. ಒಮ್ಮೆ ಕರೆಂಟಿನ ಮೀಟರು ನೋಡಲು ಬಂದವರು ನಮ್ಮಜ್ಜಿಯ ಪಕ್ಕ ಕೂತು ಒಂದು ಮೊರ ಮುಗಿಸಿ ಹೋಗಿದ್ದರು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ನಾನೂ ಚಿಕ್ಕಮ್ಮನ ಮಕ್ಕಳೂ ಅದನ್ನು ಒಬ್ಬರ ಮುಖಕ್ಕೆ ಒಬ್ಬರು ಗುರಿಯಿಟ್ಟು ಹಾರಿಸಿ, ಅಜ್ಜಿಯ ಕೈಯಲ್ಲಿ ಉಗಿಸಿಕೊಳ್ಳುತ್ತಿದ್ದೆವು. ಸಿಪ್ಪೆಯೆಲ್ಲ ಹಸುವಿಗೆ. ಆ ದಿನಗಳಲ್ಲಿ ಹಾಲು ಕೂಡ ಅವರೆಯ ವಾಸನೆ ಹೊಡೆಯುತ್ತದೆಂದು ಅಪ್ಪ ಗೊಣಗುತ್ತಿದ್ದ.

ಅಂತೂ ಐದು ನಿಮಿಷವೆಂದು ಕೂತೆ. ಕೋಟು ಬಿಚ್ಚದೇ ಕೂತೆ, ಅದು ನನ್ನ ಪ್ರತಿಭಟನೆ. ಕಿಟಕಿಯ ಕಡೆ ಮುಖ ಮಾಡಿ, ಒಂದು ಕಣ್ಣು ಆಕಾಶದ ಮೇಲಿಟ್ಟು ಹಿತಕುತ್ತಿದ್ದೆ. ಮಂಜು ಅದಕ್ಕೂ ಕಲ್ಲು ಹಾಕಿದ. "ನೀನು ಕಿಟಕಿ ನೋಡ್ಕೊಂಡು ಕೂತ್ರೆ ಬೇಳೆ ಜೊತೆ ಸಿಪ್ಪೇನೂ ಹಾಕ್ತೀಯ. ಈ ಕಡೆ ತಿರುಗು" ಎಂದು ನನ್ನ ಕುರ್ಚಿಯನ್ನೇ ತಿರುಗಿಸಿದ. ಕಿಟಕಿ ನನ್ನ ಬೆನ್ನಿಗೆ ಬಂತು. ಫೋನು ತೆಗೆದು ಹವಾಮಾನ ನೋಡಿದೆ. ಬೆಳಗಿನಿಂದ ಹಿಮ ತೋರಿಸುತ್ತಿದ್ದ ಜಾಗದಲ್ಲಿ ಈಗ ಬರೀ ಒಂದು ಮೋಡ. ಇವತ್ತೂ ಇಲ್ಲ, ನಾಳೆಯೂ ಇಲ್ಲ.

ಆಗ ನನಗೆ ಬಂದ ಸಿಟ್ಟು ಇಂಥವರ ಮೇಲೆ ಎಂದು ಹೇಳಲಾರೆ. ಮಂಜುವಿನ ಮೇಲೆ, ಶೋಭಾಳ ಮೇಲೆ, ಯಾರೋ ಗುಜರಾತಿಯವರ ಮೇಲೆ, ಆ ಮೋಡದ ಮೇಲೆ. ಅಮ್ಮ ಕೇಳಿದ್ದು ಅದೊಂದೇ, ಅದನ್ನೂ ಮಾಡಲಾಗದೆ ಊರಿಗೆ ಹೋಗಬೇಕಲ್ಲ ಎಂದು ಅಳು ಬಂತು. ಅಳುವುದಕ್ಕೂ ಪುರುಸೊತ್ತು ಕೊಡಬೇಕಲ್ಲ ಇವರು. ಸಾರಿಗೆ ಗಸಗಸೆ ಹಾಕಬೇಕೋ ಬೇಡವೋ ಎಂದು ಗೌರಿಬಿದನೂರಿಗೂ ಚಿಂತಾಮಣಿಗೂ ಜಗಳ ಹತ್ತಿಕೊಂಡಿತು. ಶೋಭಾ ಪಂಚಾಯ್ತಿಗೆ ತನ್ನ ಅಮ್ಮನಿಗೇ ಫೋನು ಮಾಡಿ, "ಅಮ್ಮಾ, ಕೊಬ್ಬರಿ ಎಂತ ವೆಯ್ಯಾಲಿ?" ಎಂದು ಕೊಬ್ಬರಿಯ ಅಳತೆಯಿಂದ ಶುರುಮಾಡಿದಳು. ಮಂಜು ನನ್ನ ಕಡೆ ತಿರುಗಿ, ನಿಮ್ಮ ಕಡೆ ಏನು ಹಾಕುತ್ತೀರಿ ಎಂದು ಕೇಳಿದ. ವಿಷ ಹಾಕುತ್ತೇವೆ ಎಂದೆ.

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲು ಬಂತು. ಮೇಜಿನ ಮೇಲೆ ಸಾರಿನ ಪುಡಿಯ ಡಬ್ಬಕ್ಕೆ ಫೋನು ಒರಗಿಸಿ ಕೂತೆ. ಹುಳುವಿನ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು ಅಮ್ಮ. ತಲೆಗೆ ಟವೆಲು ಸುತ್ತಿಕೊಂಡಿದ್ದಳು, ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ಹಿಮ ನೋಡುವುದಕ್ಕೆಂದೇ ಹಾಗೆ ತಯಾರಾಗಿ ಕೂತಿದ್ದಾಳೆಂದು ನನಗೆ ಗೊತ್ತಾಯಿತು.

"ಬಿತ್ತಾ?" ಎಂದಳು.

"ಇಲ್ಲಮ್ಮ. ಬೀಳಲ್ವಂತೆ."

"ಹೋಗ್ಲಿ ಬಿಡು."

ಅಮ್ಮನ ಈ 'ಹೋಗ್ಲಿ ಬಿಡು' ನನಗೆ ಆಗುವುದಿಲ್ಲ. ತಿರುಪತಿಯೂ ಮೈಸೂರೂ ನೂರಾರು ಮದುವೆ ಊಟಗಳೂ ಈ ಒಂದು ಮಾತಿನಲ್ಲೇ ಹೋಗಿವೆ. ಬೈದಿದ್ದರೆ ವಾಸಿಯಿತ್ತು. ನಾನು ತಲೆ ತಗ್ಗಿಸಿ ಜೋರಾಗಿ ಹಿತಕಿದೆ, ಒಂದು ಬೇಳೆ ಹೋಗಿ ಫೋನಿಗೇ ಬಡಿಯಿತು.

"ಅದೇನೇ ಅದು ಕೈಯಲ್ಲಿ? ಅವರೆಕಾಳಾ?" ಅಮ್ಮನ ಮುಖ ಬೆಳಗಿತು. "ಅಲ್ಲೂ ಸಿಗುತ್ತಾ? ಯಾರೇ ತಂದಿದ್ದು?"

ತಂದವನು ಕೂಡಲೇ ನನ್ನ ಭುಜದ ಮೇಲಿಂದ ತಲೆ ತೂರಿಸಿದ. "ನಮಸ್ಕಾರ ಅಮ್ಮ, ನಾನು ಮಂಜುನಾಥ, ಗೌರಿಬಿದನೂರು."

"ಗೌರಿಬಿದನೂರಲ್ಲಿ ಯಾವ ಕಡೇನಪ್ಪ? ಚೆನ್ನಾಗಿದೀಯಾ? ಬಿಸಿನೀರು ಜಾಸ್ತಿ ಹಾಕ್ಬೇಡ್ರಪ್ಪ, ಬೇಳೆ ಒಡೆದೋಗುತ್ತೆ."

"ಗಸಗಸೆ ಹಾಕ್ಬೋದಾ ಅಮ್ಮ?"

"ಒಂಚೂರು ಹಾಕು, ಹುರಿದು ಹಾಕು."

ಮಂಜು ಗೆದ್ದೆನೆಂದು ಸೌಟು ಎತ್ತಿದ. ಶೋಭಾ ತನ್ನ ಅಮ್ಮ ಇನ್ನೂ ಲೈನಿನಲ್ಲಿದ್ದ ಫೋನು ತಂದು ನನ್ನ ಫೋನಿನ ಪಕ್ಕ ಹಿಡಿದಳು, ಎರಡು ಊರಿನ ಇಬ್ಬರು ಅಮ್ಮಂದಿರು ನನ್ನ ಮೂಗಿನ ಮುಂದೆ ತೆಲುಗಿನಲ್ಲಿ ಸಾರಿನ ಮಾತಿಗಿಳಿದರು. ನಾನು ಯಾತಕ್ಕೆ ಬಂದಿದ್ದೆ, ನನ್ನ ಸಂಕಟವೇನು, ಯಾರಿಗೂ ಬೇಕಿರಲಿಲ್ಲ. ಅಮ್ಮನೂ ಅವರ ಪಕ್ಷ ಸೇರಿಬಿಟ್ಟಳು. ಹುಳು ಮೊನ್ನೆಯಷ್ಟೇ ನಾಲ್ಕನೇ ಜ್ವರ ಎದ್ದಿದೆ, ಕೂರಲು ಪುರುಸೊತ್ತಿಲ್ಲ ಎಂದು ಹೇಳುತ್ತಲೇ ಗಸಗಸೆಯ ಬಗ್ಗೆ ಧಾರಾಳವಾಗಿ ಮಾತಾಡುತ್ತಿದ್ದಳು. ಕೊನೆಗೆ ಶೋಭಾ ತನ್ನ ಫೋನು ತೆಗೆದುಕೊಂಡು ಒಲೆಯ ಹತ್ತಿರ ಹೋದಳು. ನಾನು ಗಂಟುಮುಖ ಹಾಕಿಕೊಂಡು ಮತ್ತೆ ಕಾಳಿಗೆ ಕೈ ಹಾಕಿದೆ.

ಸ್ವಲ್ಪ ಹೊತ್ತಾಗಿರಬೇಕು. ಅಮ್ಮನ ಮಾತು ನಿಂತಿದ್ದು ಗಮನಕ್ಕೆ ಬಂದು ಫೋನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ನನ್ನ ಕಿವಿಯ ಪಕ್ಕದಲ್ಲೆಲ್ಲೋ ಇತ್ತು.

"ಭಾಗ್ಯಾ, ನಿನ್ನ ಹಿಂದ್ಗಡೆ ಮೇಲ್ಮನೆಯೋರು ಏನೋ ಉದುರಿಸ್ತಿದಾರೆ ನೋಡೇ" ಎಂದಳು. "ಹತ್ತಿ ಹಿಂಜ್ತಿದಾರೇನೋ."

ತಿರುಗಿ ನೋಡಿದೆ. ಕಿಟಕಿಯ ತುಂಬಾ ಹಿಮ ಬೀಳುತ್ತಿತ್ತು. ಯಾವಾಗ ಶುರುವಾಗಿತ್ತೋ, ಎದುರು ಮನೆಯ ಹೆಂಚುಗಳ ಅಂಚು ಆಗಲೇ ಬೆಳ್ಳಗಾಗಿತ್ತು. ಅದಕ್ಕೆಂದೇ ರೈಲು ಹತ್ತಿ ಬಂದ ನಾನೂ, ಜೊತೆಗೆ ಬಂದ ಇಬ್ಬರೂ ಅದೇ ಕೋಣೆಯಲ್ಲಿದ್ದೆವು. ಒಬ್ಬರೂ ತಲೆಯೆತ್ತಿರಲಿಲ್ಲ. ಮೊದಲು ಕಂಡಿದ್ದು ಜಂಗಮಕೋಟೆಯ ಹತ್ತಿರದ ಹೊಸ್ತಿಲ ಮೇಲೆ ಕೂತಿದ್ದ ಅಮ್ಮನಿಗೆ.

"ಅಮ್ಮಾ, ಹತ್ತಿಯಲ್ಲ. ಅದೇ. ಅದೇ ಕಣಮ್ಮ" ಎಂದು ಫೋನು ಕಿತ್ತುಕೊಂಡು ಕಿಟಕಿಗೆ ಓಡಿದೆ. ಕೈಯೆಲ್ಲ ಒದ್ದೆ, ಸಿಪ್ಪೆ. ಗಡಿಬಿಡಿಯಲ್ಲಿ ಒಮ್ಮೆ ಚಾವಣಿ ತೋರಿಸಿದೆ, ಒಮ್ಮೆ ನನ್ನ ಮೂಗಿನ ಹೊಳ್ಳೆ ತೋರಿಸಿದೆ. ಗಾಜಿಗೆ ಫೋನು ಒತ್ತಿ ಹಿಡಿದರೆ ನನ್ನ ಉಸಿರಿಗೇ ಗಾಜು ಮಂಜಾಯಿತು. ಶೋಭಾ ಒಲೆಯ ಪಕ್ಕ ಬಾಯಿಬಿಟ್ಟುಕೊಂಡು ನಿಂತಿದ್ದಳು, ಕೆಂಪು ಕೋಟಿನ ನೆನಪು ಅವಳಿಗೂ ಬಂದಿರಲಿಲ್ಲ.

"ಏನೂ ಕಾಣ್ತಿಲ್ಲ ಕಣೇ, ಎಲ್ಲಾ ಅಲ್ಲಾಡ್ತಿದೆ" ಎಂದಳು ಅಮ್ಮ. "ಮೊದ್ಲೆಲ್ಲಿಟ್ಟಿದ್ದೋ ಅಲ್ಲೇ ಇಡು. ನೀನೂ ಅಲ್ಲೇ ಕೂತ್ಕೊ."

"ನಾನ್ಯಾಕಮ್ಮ ಅಡ್ಡ?"

"ನೀನಿದ್ರೇನೇ ಅದು ಬೀಳೋದು ಚೆನ್ನಾಗಿ ಗೊತ್ತಾಗೋದು. ಕೂತ್ಕೊಂಡು ಕಾಳು ಹಿತಕು."

ಎಂಥ ಹಟಮಾರಿ ಎಂದು ಗೊಣಗಿಕೊಂಡು ಫೋನನ್ನು ಡಬ್ಬಕ್ಕೆ ಒರಗಿಸಿ ಕೂತೆ. ಕಿಟಕಿ ಮತ್ತೆ ನನ್ನ ಬೆನ್ನಿಗೆ. ಅಷ್ಟು ಕಾದು, ಅಷ್ಟು ಜಗಳವಾಡಿ, ಕೊನೆಗೆ ಆ ಹಿಮಕ್ಕೆ ಬೆನ್ನು ಹಾಕಿ ಕೂತವಳು ನಾನು. ಹಾಗಾಗಿ ನಾನು ನೋಡಿದ್ದು ಅಮ್ಮನನ್ನು. ತಲೆಯ ಟವೆಲು ಜಾರಿ ಹೆಗಲಿಗೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಎರಡೂ ಕೈ ಮಡಿಲಲ್ಲಿ ಸುಮ್ಮನಿದ್ದವು. ಸೊಪ್ಪಿಲ್ಲದೆ, ಮೊರವಿಲ್ಲದೆ, ಒಲೆಯಿಲ್ಲದೆ ಆ ಕೈಗಳು ಸುಮ್ಮನಿದ್ದುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಂಜು ಹೋಗಿ ಒಲೆ ಸಣ್ಣ ಮಾಡಿದ.

"ಸದ್ದೇ ಬರಲ್ವಾ ಅದಕ್ಕೆ?" ಎಂದು ಅಮ್ಮ ಒಮ್ಮೆ ಮೆಲ್ಲಗೆ ಕೇಳಿದಳು.

"ಬರಲ್ಲಮ್ಮ."

ಆ ಕಡೆ ಹುಳುವಿನ ಮನೆಯೊಳಗಿಂದ ಅಪ್ಪನ ಧ್ವನಿ ಕೇಳಿಸಿತು. "ಇವಳೇ, ಹುಳ ಎಲ್ಲಾ ಹಸಿದು ಹುಡುಕಾಡ್ತಿವೆ. ಸೊಪ್ಪಿನ ಹೊತ್ತಾಯ್ತು."

ಮುಗಿಯಿತು, ಇನ್ನು ಎದ್ದುಬಿಡುತ್ತಾಳೆ ಎಂದುಕೊಂಡೆ. ನಾಲ್ಕನೇ ಜ್ವರ ಎದ್ದ ಹುಳುವನ್ನು ಅವಳು ಒಂದು ಗಳಿಗೆಯೂ ಕಾಯಿಸಿದವಳಲ್ಲ. ನಾನೇ ಫೋನಿಗೆ ಕೈಚಾಚಿ, "ಹೋಗಮ್ಮ, ಸಾಕು" ಎಂದೆ.

ಅಮ್ಮ ಕತ್ತು ತಿರುಗಿಸಲಿಲ್ಲ. ಕಣ್ಣು ನನ್ನ ಹಿಂದಿನ ಕಿಟಕಿಯ ಮೇಲೇ ಇತ್ತು.

"ನೀವೇ ಹಾಕ್ಬಿಡಿ" ಎಂದಳು. "ನಾನು ಊರಲ್ಲಿಲ್ಲ."